ಲ್ಯಾಂಬೆತ್ ಸೇತುವೆಯ ಎಡಕ್ಕೆ

ಯುಗಾದಿ ಕಾರ್ಯಕ್ರಮದ ಊಟದ ಸಾಲಲ್ಲಿ ನಿಂತಿದ್ದಾಗ ಸಂಪಾದಕರು ನನ್ನ ಹಿಡ್ಕೊಂಡು, "ಈ ಸಲ ಪ್ರವಾಸದ ಪುಟಕ್ಕೆ ನೀವೇ ಬರೀಬೇಕು" ಅಂದ್ರು. ನಾನು ನಕ್ಕುಬಿಟ್ಟೆ. ಸ್ಕಾಟ್ಲೆಂಡ್ ನೋಡಿಲ್ಲ, ಲೇಕ್ ಡಿಸ್ಟ್ರಿಕ್ಟ್ ನೋಡಿಲ್ಲ, ಕ್ರಾಯ್ಡನ್ ಪಕ್ಕದ ಗೋದಾಮಲ್ಲಿ ಪೆಟ್ಟಿಗೆ ಎತ್ತಿಡೋದರಲ್ಲೇ ವಾರ ಮುಗಿಯುತ್ತೆ. ಈ ದೇಶದಲ್ಲಿ ನಾನು ಹಗಲು ರಾತ್ರಿ, ಮಳೆ ಬಿಸಿಲು ಎಲ್ಲದರಲ್ಲೂ ನೋಡಿದ ಜಾಗ ಅಂದ್ರೆ ಒಂದೇ. ಲಂಡನ್ನಿನ ಥೇಮ್ಸ್ ದಡದಲ್ಲಿ ವೆಸ್ಟ್‌ಮಿನ್ಸ್ಟರ್ ಸೇತುವೆಯಿಂದ ಲ್ಯಾಂಬೆತ್ ಸೇತುವೆ ದಾಟಿ ನಮ್ಮ ಬಸವಣ್ಣನವರ ಪ್ರತಿಮೆವರೆಗಿನ ದಾರಿ. ನಡೆದರೆ ಅರ್ಧ ಗಂಟೆ ಕೂಡ ಬೇಡ. ಹೋದ ವರ್ಷ ಫೆಬ್ರವರಿಯಲ್ಲಿ ಹದಿಮೂರು ದಿನ ನಾನು ಆ ದಾರಿಯಲ್ಲಿ ಓಡಾಡಿದೆ. ಅದರ ಬಗ್ಗೆ ಬರೀತೀನಿ ಅಂದೆ. ಅವರು ಆಯ್ತು ಅಂದ್ರು. ಯಾಕೆ ಓಡಾಡಿದೆ ಅನ್ನೋದು ಅವರಿಗೆ ಗೊತ್ತಿತ್ತು.

ನಮ್ಮ ಪುಟ್ಟನಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಜ್ವರ ಬಂತು, ಕೆಮ್ಮು ಬಂತು. ತೋರಿಸಿದ ಕಡೆ "ವೈರಲ್, ಪ್ಯಾರಸಿಟಮಾಲ್ ಕೊಡಿ, ನೀರು ಕುಡಿಸಿ" ಅಂದು ಕಳಿಸಿದ್ರು. ಅವರನ್ನ ಬೈಯೋಕೆ ಬರೀತಿಲ್ಲ. ಚಳಿಗಾಲದಲ್ಲಿ ಹತ್ತು ಮಕ್ಕಳು ಹಾಗೇ ಬಂದ್ರೆ ಒಂಬತ್ತು ಮಕ್ಕಳಿಗೆ ಅದೇ ಮಾತು ಸರಿ ಇರುತ್ತೆ. ಐದನೇ ದಿನ ರಾತ್ರಿ ಮಗು ಉಸಿರು ಎಳೆಯೋವಾಗ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಹೋಗ್ತಿತ್ತು. ನಮ್ಮಾಕೆ ಅಂಗಿ ಎತ್ತಿ ನೋಡಿದ್ಲು, ಒಂದು ನಿಮಿಷ ಉಸಿರು ಎಣಿಸಿದ್ಲು, "999 ಮಾಡ್ರಿ" ಅಂದ್ಲು. ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯ್ತು. ನ್ಯುಮೋನಿಯಾ, ಜೊತೆಗೆ ಶ್ವಾಸಕೋಶದ ಹೊರಗಡೆ ಕೀವು ತುಂಬಿದೆ ಅಂದ್ರು. ಬೆಳಗಾಗೋ ಹೊತ್ತಿಗೆ ಆಂಬುಲೆನ್ಸಲ್ಲಿ ದೊಡ್ಡ ಮಕ್ಕಳ ಆಸ್ಪತ್ರೆಗೆ ಕಳಿಸಿದ್ರು.

ಆಂಬುಲೆನ್ಸ್ ಬರೋದಕ್ಕೆ ಮುಂಚೆ, ಆ ಮೊದಲ ಆಸ್ಪತ್ರೆಯ ಕಾರಿಡಾರಲ್ಲಿ, ನಾನು ನಮ್ಮಾಕೆಗೆ ಒಂದು ಮಾತು ಅಂದೆ. ಅವಳು ಹಾಸನದಲ್ಲಿ ನರ್ಸಿಂಗ್ ಓದಿದವಳು, ಇಲ್ಲಿ ಕೇರ್ ಹೋಮಲ್ಲಿ ಕೆಲಸ. ಅವಳ ವೀಸಾ ಮೇಲೆಯೇ ನಾವೆಲ್ಲ ಇಲ್ಲಿರೋದು. 2024ರ ಮಾರ್ಚಲ್ಲಿ ಕೇರ್ ಕೆಲಸದವರು ಸಂಸಾರ ಕರ್ಕೊಂಡು ಬರೋ ಬಾಗಿಲು ಮುಚ್ಚಿತಲ್ಲ, ಅದಕ್ಕೆ ಮುಂಚೆ ಬಂದವರು. ಅಂಥವಳಿಗೆ ನಾನು ಅಂದೆ: "ನೀನು ನರ್ಸು. ಊರೋರ ಅಪ್ಪ ಅಮ್ಮನ ಉಸಿರು ದಿನಾ ನೋಡ್ತೀಯ. ಮನೇಲಿರೋ ಮಗೂದು ಕಾಣಲಿಲ್ವಾ?"

ಅವಳು ಏನೂ ಅನ್ನಲಿಲ್ಲ. ಮಗುವಿನ ಶೂ ಎರಡನ್ನೂ ಬ್ಯಾಗಿಗೆ ಹಾಕಿ ಜಿಪ್ ಎಳೆದ್ಲು.

ಈಗ ಜಾಗದ ವಿಷಯ. ವಿಕ್ಟೋರಿಯಾ ಸ್ಟೇಷನ್ನಲ್ಲಿ ಇಳಿದು ಹಾರ್ಸ್‌ಫೆರಿ ರಸ್ತೆ ಹಿಡಿದು ನೇರ ನಡೆದ್ರೆ ಲ್ಯಾಂಬೆತ್ ಸೇತುವೆ ಸಿಗುತ್ತೆ. ಈ ಸೇತುವೆಗೆ ಕೆಂಪು ಬಣ್ಣ, ಆ ಕಡೆ ಕಾಣೋ ವೆಸ್ಟ್‌ಮಿನ್ಸ್ಟರ್ ಸೇತುವೆಗೆ ಹಸಿರು. ಪಾರ್ಲಿಮೆಂಟಿನ ಮೇಲ್ಮನೆಯ ಕುರ್ಚಿ ಕೆಂಪು, ಕೆಳಮನೆಯದು ಹಸಿರು, ಅದರ ಲೆಕ್ಕಕ್ಕೆ ಬಳಿದಿರೋದು. ಕೆಂಪು ಸೇತುವೆ ದಾಟಿದ ಮೇಲೆ ದಾರಿ ಎರಡಾಗುತ್ತೆ. ಬಲಕ್ಕೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್, ಅಲ್ಲಿ ಬಸವಣ್ಣ. ಎಡಕ್ಕೆ ಆರ್ಚ್‌ಬಿಷಪ್ಪರ ಅರಮನೆಯ ಕೆಂಪು ಇಟ್ಟಿಗೆ ಗೋಪುರ, ಅದರ ಮುಂದೆ ಸೇಂಟ್ ಥಾಮಸ್ ಆಸ್ಪತ್ರೆ, ಅದೇ ಆವರಣದಲ್ಲಿ ಎವೆಲಿನಾ ಮಕ್ಕಳ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದ್ದು ಈ ಸೇಂಟ್ ಥಾಮಸ್‌ನದೇ. ಆಕೆಯ ಮ್ಯೂಸಿಯಂ ಕೂಡ ಅಲ್ಲೇ ಇದೆ. ನಮ್ಮಾಕೆ ಕಾಲೇಜಲ್ಲಿ ದೀಪ ಹಿಡ್ಕೊಂಡು ಪ್ರತಿಜ್ಞೆ ಮಾಡಿದ ಫೋಟೋ ಇವತ್ತಿಗೂ ಮಾವನ ಮನೆ ಗೋಡೆ ಮೇಲಿದೆ. ಹದಿಮೂರು ದಿನ ಅಷ್ಟು ಹತ್ತಿರ ಇದ್ದೂ ಆ ಮ್ಯೂಸಿಯಂ ಅವಳು ನೋಡಲಿಲ್ಲ.

ಎವೆಲಿನಾ ಅನ್ನೋದು ಒಬ್ಬ ತಾಯಿಯ ಹೆಸರು. ಬ್ಯಾರನ್ ಫರ್ಡಿನಾಂಡ್ ಡಿ ರಾಥ್‌ಚೈಲ್ಡ್ ಅನ್ನೋ ಶ್ರೀಮಂತನ ಹೆಂಡತಿ. 1866ರಲ್ಲಿ ಹೆರಿಗೆ ವೇಳೆ ತಾಯಿ ಮಗು ಇಬ್ಬರೂ ಹೋದ್ರು. ಗಂಡ ಅವಳ ಹೆಸರಲ್ಲಿ 1869ರಲ್ಲಿ ಸದರ್ಕ್ ಬಡವರ ಮಕ್ಕಳಿಗೆ ಆಸ್ಪತ್ರೆ ಕಟ್ಟಿಸಿದ. ಈಗಿನ ಗಾಜಿನ ಕಟ್ಟಡ 2005ರದ್ದು. ಒಳಗೆ ಹೋದ್ರೆ ಆಸ್ಪತ್ರೆ ಅನಿಸಲ್ಲ. ಕೆಳಗಡೆ ಮಕ್ಕಳಿಗೆ ಸುತ್ತಿ ಸುತ್ತಿ ಇಳಿಯೋ ಜಾರುಬಂಡೆ ಇದೆ. ಮಹಡಿಗಳಿಗೆ ನಂಬರಿನ ಜೊತೆ ಹೆಸರೂ ಇದೆ. ಕೆಳಗೆ ಸಮುದ್ರ, ಮೇಲೆ ಕಾಡು, ಪರ್ವತ, ಎಲ್ಲಕ್ಕಿಂತ ಮೇಲೆ ಆಕಾಶ. ನಮಗೆ ಸಿಕ್ಕಿದ್ದು ಪರ್ವತ. ಊರಿಗೆ ಫೋನ್ ಮಾಡಿ "ಪುಟ್ಟನ್ನ ಪರ್ವತಕ್ಕೆ ಸೇರಿಸಿದ್ದಾರೆ" ಅಂದಾಗ ಅಮ್ಮನಿಗೆ ಅರ್ಥ ಆಗದೆ ಅಳೋಕೆ ಶುರು ಮಾಡಿದ್ರು.

ಮಗುವಿನ ಎದೆಗೆ ಅರಿವಳಿಕೆ ಕೊಟ್ಟು ನಳಿಕೆ ಹಾಕಿದ್ರು. ಕೀವು ಕರಗಿಸೋ ಔಷಧವನ್ನ ಆ ನಳಿಕೆಯಿಂದಲೇ ದಿನಕ್ಕೆ 2 ಸಲ, 3 ದಿನ ಬಿಟ್ರು. ರಕ್ತನಾಳದಲ್ಲಿ ಆಂಟಿಬಯಾಟಿಕ್. ವೈದ್ಯಕೀಯ ಅಂತ ಹೇಳೋದಾದ್ರೆ ಇಷ್ಟೇ. ಕೆಲಸ ಮಾಡಿತು, ಮಗು ಉಳೀತು, ಇವತ್ತು ಚೆನ್ನಾಗಿದ್ದಾನೆ. ದುಡ್ಡಿನ ವಿಷಯ ಕೇಳೋರಿಗೆ: ಬಿಲ್ ಬರಲಿಲ್ಲ. ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ಆರೋಗ್ಯ ಶುಲ್ಕ ಮಾಫಿ. ಬೇರೆ ಕೆಲಸದ ವೀಸಾದವರು ಅರ್ಜಿ ಹಾಕೋವಾಗಲೇ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಲೆಕ್ಕದಲ್ಲಿ ಕಟ್ಟಿರ್ತೀರಿ, ಆದ್ದರಿಂದ ಧರ್ಮಕ್ಕೆ ಅಂತ ಸಂಕೋಚ ಪಡಬೇಕಾಗಿಲ್ಲ. ಭಾಷೆ ತೊಡಕಾದ್ರೆ ದುಭಾಷಿ ಬೇಕು ಅಂತ ಕೇಳಿ, ಅದಕ್ಕೂ ದುಡ್ಡು ತಗೊಳ್ಳಲ್ಲ. ನಾವು ಗೊತ್ತಿದೆ ಅಂತ ತಲೆ ಆಡಿಸ್ತಾ ಅರ್ಧ ಮಾತು ಬಿಟ್ಟುಬಿಡ್ತೀವಿ. ನಾನೂ ಮೊದಲ ದಿನ ಹಾಗೇ ಮಾಡಿದೆ.

ಔಷಧಿಗಿಂತ ಕಷ್ಟ ಆಗಿದ್ದು ಸೂಜಿ. ಎರಡು ವರ್ಷದ ಮಗುವಿನ ಕೈಯಲ್ಲಿ ನರ ಸಿಗಬೇಕು, ಸಿಕ್ಕಿದ್ದು ಎರಡು ದಿನಕ್ಕೆ ಬಾತುಕೊಂಡು ಹೋಗುತ್ತೆ, ಮತ್ತೆ ಹೊಸ ಜಾಗ ಹುಡುಕಬೇಕು. ಎರಡನೇ ಸಲ ನರ್ಸಮ್ಮ ನನ್ನ ಕಡೆ ತಿರುಗಿ, ಅಪ್ಪ ತೊಡೆ ಮೇಲೆ ಕೂರಿಸ್ಕೊಂಡು ಗಟ್ಟಿಯಾಗಿ ತಬ್ಬಿ ಹಿಡ್ಕೊಳ್ಳಲಿ, ಅಮ್ಮ ಎದುರಿಗೆ ಇರಲಿ ಅಂದ್ರು. ಅದು ಸರಿಯಾದ ಕ್ರಮವೇ. ನಾನು ಗೋದಾಮಲ್ಲಿ ಇಪ್ಪತ್ತು ಕಿಲೋ ಪೆಟ್ಟಿಗೆ ಎತ್ತೋ ಕೈಯಲ್ಲಿ ಮಗೂನ ಎರಡೂ ತೋಳು ಅಮುಕಿ ಹಿಡಿದೆ. ಅವನು ಕೂಗಿ ಕೂಗಿ, ಆಮೇಲೆ ಕೂಗೋದು ನಿಲ್ಲಿಸಿ, ಕತ್ತು ತಿರುಗಿಸಿ ನನ್ನ ಮುಖ ನೋಡಿ ಮೆಲ್ಲಗೆ "ಅಪ್ಪ, ಬೇಡ" ಅಂದ. ನಾನು ಬಿಡಲಿಲ್ಲ. ಬಿಡೋ ಹಾಗಿರಲಿಲ್ಲ.

ಅವತ್ತಿಂದ ಅವನು ನನ್ನ ಹತ್ತಿರ ಬರಲಿಲ್ಲ. ಮಂಚದ ಪಕ್ಕ ಹೋದ್ರೆ ಅಮ್ಮನ ಕಂಕುಳಿಗೆ ಮುಖ ಹುದುಗಿಸ್ತಿದ್ದ.

ಮಂಚದ ಪಕ್ಕ ಒಬ್ಬರಿಗೆ ಮಲಗೋಕೆ ಜಾಗ ಕೊಡ್ತಾರೆ. ಅಲ್ಲಿ ನಮ್ಮಾಕೆ ಇದ್ಲು. ನಾನು ನಾಲ್ಕು ದಿನ ಕೆಲಸ ಬಿಟ್ಟೆ. ಇಲ್ಲಿ ನೌಕರಿಯಲ್ಲಿರೋರಿಗೆ ಮನೆಯವರಿಗೆ ಹೀಗೆ ತುರ್ತಾದಾಗ ರಜೆ ತಗೊಳ್ಳೋದು ಮೊದಲ ದಿನದಿಂದಲೇ ಹಕ್ಕು. ಸಂಬಳ ಕೊಡಲೇಬೇಕು ಅಂತ ಮಾತ್ರ ಇಲ್ಲ. ಆದ್ರೆ ನಾನು ಏಜೆನ್ಸಿ ಕಡೆಯಿಂದ ಹೋಗೋನು, ಶಿಫ್ಟ್ ಮಾಡಿದ್ರೆ ದುಡ್ಡು, ಇಲ್ಲಾಂದ್ರೆ ಇಲ್ಲ. ಐದನೇ ದಿನ ಫೋನ್ ಬಂತು, ನಾಳೆ ಬರದಿದ್ರೆ ಮುಂದಿನ ವಾರದ ಪಟ್ಟಿಯಲ್ಲಿ ಹೆಸರು ಇರುತ್ತೋ ಇಲ್ವೋ ಹೇಳೋಕಾಗಲ್ಲ ಅಂತ. ಬಾಡಿಗೆ ನೆನಪಾಯ್ತು, ಹೋದೆ. ಶಿಫ್ಟ್ ಮುಗಿಸಿ, ರೈಲು ಹತ್ತಿ, ಸೇತುವೆ ದಾಟಿ, ಎಡಕ್ಕೆ ತಿರುಗಿ ವಾರ್ಡ್ ಸೇರೋ ಹೊತ್ತಿಗೆ ರಾತ್ರಿ ಏಳು ದಾಟಿರ್ತಿತ್ತು. ಪುಟ್ಟ ನಿದ್ದೆ ಹೋಗಿರ್ತಿದ್ದ. ಒಂದು ಗಂಟೆ ನಿದ್ದೆ ಮಾಡ್ತಿರೋ ಮಗೂನ ನೋಡಿ ವಾಪಸ್ ಹೊರಡ್ತಿದ್ದೆ. ಏಳು ವರ್ಷದ ಮಗಳು ಪಕ್ಕದ ಮನೆಯ ತೆಲುಗಿನವರ ಹತ್ತಿರ ಇದ್ಲು, ಅವಳನ್ನ ಕರ್ಕೊಬೇಕಿತ್ತು.

ಇಲ್ಲಿ ಒಂದು ಹಳೇ ವಿಷಯ ಹೇಳಲೇಬೇಕು. ಆ ರೈಲಿನಲ್ಲಿ ಕೂತು ಫೋನಲ್ಲಿ ಓದಿ ಓದಿ ತಿಳ್ಕೊಂಡಿದ್ದು. 1949ರಲ್ಲಿ ಲಂಡನ್ ಆಸ್ಪತ್ರೆಗಳಲ್ಲಿ ಮಕ್ಕಳನ್ನ ನೋಡೋಕೆ ಅಪ್ಪ ಅಮ್ಮನಿಗೆ ಯಾವಾಗ ಬಿಡ್ತಾರೆ ಅಂತ ಒಂದು ಪಟ್ಟಿ ಪತ್ರಿಕೆಯಲ್ಲಿ ಬಂದಿತ್ತು. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ 2ರಿಂದ 4. ಇನ್ನೊಂದು ಕಡೆ ಮೂರು ವರ್ಷದೊಳಗಿನ ಮಕ್ಕಳಾದ್ರೆ ಭೇಟಿಯೇ ಇಲ್ಲ. ಇದೇ ಸೇಂಟ್ ಥಾಮಸ್‌ನಲ್ಲಿ ಮೊದಲ ಒಂದು ತಿಂಗಳು ಭೇಟಿ ಇಲ್ಲ, ಬೇಕಾದ್ರೆ ಸಂಜೆ 7ರಿಂದ 8ರ ತನಕ ಮಗು ನಿದ್ದೆ ಮಾಡೋವಾಗ ನೋಡ್ಕೊಂಡು ಹೋಗಬಹುದು. ಏಳರಿಂದ ಎಂಟು! ಎಪ್ಪತ್ತೈದು ವರ್ಷ ಆದ ಮೇಲೆ ಅದೇ ಆವರಣದಲ್ಲಿ, ಅದೇ ಹೊತ್ತಲ್ಲಿ, ನಿದ್ದೆ ಮಾಡೋ ಮಗೂನ ನೋಡ್ಕೊಂಡು ಹೋಗೋನು ನಾನೊಬ್ಬ. ನನ್ನನ್ನ ಆಸ್ಪತ್ರೆ ತಡೆದಿರಲಿಲ್ಲ, ಶಿಫ್ಟ್ ತಡೆದಿತ್ತು.

ಆಗಿನ ಡಾಕ್ಟರ್, ನರ್ಸ್‌ಗಳು ಕೆಟ್ಟವರಲ್ಲ. ಸೋಂಕು ಬರುತ್ತೆ ಅನ್ನೋ ಭಯ ಒಂದು ಕಡೆ, ಅಪ್ಪ ಅಮ್ಮ ಬಂದು ಹೋದ್ರೆ ಮಗು ಅಳುತ್ತೆ, ಬರದಿದ್ರೆ ಸುಮ್ಮನಾಗುತ್ತೆ ಅನ್ನೋ ಲೆಕ್ಕ ಇನ್ನೊಂದು ಕಡೆ. ಆ ಸುಮ್ಮನಾಗೋದು ಏನು ಅಂತ ಕೇಳಿದವರು ಜೇಮ್ಸ್ ರಾಬರ್ಟ್‌ಸನ್ ಅನ್ನೋ ಸ್ಕಾಟ್ಲೆಂಡಿನ ಮನುಷ್ಯ. ಡಾಕ್ಟರಲ್ಲ, ಸಮಾಜ ಕಾರ್ಯಕರ್ತ. ಜಾನ್ ಬೌಲ್ಬಿ ಜೊತೆ ಕೆಲಸ ಮಾಡ್ತಿದ್ರು. ಹೊಕ್ಕುಳ ಹರ್ನಿಯಾ ಆಪರೇಷನ್ನಿಗೆ ಎಂಟು ದಿನ ಸೇರಿದ್ದ ಎರಡು ವರ್ಷದ ಒಂದು ಹೆಣ್ಣುಮಗೂನ ಕ್ಯಾಮೆರಾದಲ್ಲಿ ಹಿಡಿದು 1952ರಲ್ಲಿ ತೋರಿಸಿದ್ರು. ಮಗು ಮೊದಲು ಅಳುತ್ತೆ, ಆಮೇಲೆ ಕುಗ್ಗಿಹೋಗುತ್ತೆ, ಕೊನೆಗೆ ಬಿಟ್ಟುಕೊಡುತ್ತೆ, ಅಮ್ಮ ಬಂದ್ರೂ ಮುಖ ತಿರುಗಿಸುತ್ತೆ. ಒಳ್ಳೇ ಮಗು, ಹಠ ಇಲ್ಲ ಅಂತ ವಾರ್ಡಿನವರು ಮೆಚ್ಚಿಕೊಳ್ತಿದ್ದದ್ದು ಆ ಕೊನೇ ಹಂತದ ಮಕ್ಕಳನ್ನ. ವೈದ್ಯರಿಗೆ ಸಿಟ್ಟು ಬಂತಂತೆ. ಆದ್ರೂ 1959ರಲ್ಲಿ ಪ್ಲಾಟ್ ವರದಿ ಬಂತು, ಭೇಟಿಗೆ ಹೊತ್ತು ಗೊತ್ತು ಅಂತ ಇಡಬೇಡಿ, ತಾಯಿಗೆ ಉಳಿಯೋಕೆ ಬಿಡಿ ಅಂತು. ವರದಿ ಬಂದ ಮಾತ್ರಕ್ಕೆ ವಾರ್ಡಿನ ಬಾಗಿಲು ತೆರೀಲಿಲ್ಲ. ಇದೇ ನದಿಯ ಇದೇ ದಡದಲ್ಲಿ ಸ್ವಲ್ಪ ಮೇಲಕ್ಕೆ ಬ್ಯಾಟರ್‌ಸೀ ಇದೆಯಲ್ಲ, ಅಲ್ಲಿನ ತಾಯಂದಿರು 1961ರಲ್ಲಿ ಸಂಘ ಕಟ್ಕೊಂಡು ಆಸ್ಪತ್ರೆ ಆಸ್ಪತ್ರೆಗೂ ಹೋಗಿ ಕೇಳಿದ್ರು. ನಮ್ಮಾಕೆ ಮಲಗಿದ್ದ ಆ ಮಡಚೋ ಹಾಸಿಗೆ ಬಂದಿದ್ದು ಹಾಗೆ.

ಶನಿವಾರ ಮಗಳನ್ನ ಕರ್ಕೊಂಡು ಹೋದೆ. ತಮ್ಮನಿಗೆ ಕಾರ್ಡ್ ಬರೆದಿದ್ಲು. ಕೆಳಗಡೆ ಜಾರುಬಂಡೆ ನೋಡಿದ್ಲು, ಬಣ್ಣ ನೋಡಿದ್ಲು, ಮೇಲೆ ಹೋಗಿ ಅಮ್ಮನ ಪಕ್ಕ ಮಲಗಿರೋ ತಮ್ಮನ್ನ ನೋಡಿದ್ಲು. ವಾಪಸ್ ಬರೋವಾಗ ರೈಲಲ್ಲಿ ಕಿಟಕಿ ಕಡೆ ಮುಖ ಮಾಡ್ಕೊಂಡು, "ನಂಗೂ ನ್ಯುಮೋನಿಯಾ ಬರ್ಲಿ" ಅಂದ್ಲು. ಬೈಯೋಕೆ ಬಾಯಿ ತೆಗೆದೆ, ಮಾತು ಬರಲಿಲ್ಲ. ಎಂಟು ದಿನದಿಂದ ಆ ಮಗೂಗೆ ನಾವು ಹೇಳಿದ್ದೆಲ್ಲ "ಬೇಗ ತಿನ್ನು, ಬೇಗ ಹೊರಡು, ಗಲಾಟೆ ಮಾಡ್ಬೇಡ" ಇಷ್ಟೇ. ಜಡೆ ಕೂಡ ಪಕ್ಕದ ಮನೆಯ ಆಂಟಿ ಹಾಕಿದ್ದು.

ಊರಿಂದ ಬೇರೆ ಒತ್ತಡ. ಅಮ್ಮ ವಿಡಿಯೋ ಕಾಲಲ್ಲಿ ಫೋನಿಗೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ್ರು. ಅದು ಒಳ್ಳೇದೇ, ನಗು ಬಂತು, ಸಮಾಧಾನವೂ ಆಯ್ತು. ಆದ್ರೆ ಕೊನೇಲಿ "ತಾಯಿ ಆದವಳು ಮನೇಲಿದ್ದಿದ್ರೆ ಹಿಂಗಾಗ್ತಿತ್ತೇನೋ ಮಗ?" ಅಂದ್ರು. ಸ್ಪೀಕರ್ ಆನ್ ಇತ್ತು. ನಮ್ಮಾಕೆ ಮಗುವಿನ ಹಣೆ ಒರೆಸ್ತಾ ಇದ್ಲು, ಒರೆಸ್ತಾನೇ ಇದ್ಲು. ನಾನು "ಹಂಗೇನಿಲ್ಲಮ್ಮ" ಅನ್ನಬೇಕಿತ್ತು. ಸಿಗ್ನಲ್ ಸರಿ ಇಲ್ಲ ಅಂತ ಫೋನ್ ಇಟ್ಟೆ.

ಒಂಬತ್ತನೇ ದಿನ ನಳಿಕೆ ತೆಗೆದಿದ್ರು. ಭಾನುವಾರ, ನನಗೆ ರಜೆ. ವಾರ್ಡಿನ ಒಬ್ಬ ನರ್ಸ್, ಕೇರಳದವರು, ನಮ್ಮಾಕೆ ಮುಖ ನೋಡಿ, "ಒಂಬತ್ತು ದಿನದಿಂದ ನೀನು ಹೊರಗಿನ ಗಾಳಿ ಕುಡಿದಿಲ್ಲ. ಮಗು ಮಲಗಿದೆ, ನಾನು ನೋಡ್ಕೊತೀನಿ, ಮುಕ್ಕಾಲು ಗಂಟೆ ಇಬ್ಬರೂ ಹೋಗಿ ಬನ್ನಿ" ಅಂತ ಹೆಚ್ಚುಕಮ್ಮಿ ತಳ್ಳಿ ಕಳಿಸಿದ್ರು. ನದಿ ಪಕ್ಕದ ದಾರಿಗೆ ಇಳಿದ್ವಿ. ಅಲ್ಲಿ ಆಸ್ಪತ್ರೆಯ ಗೋಡೆ ಉದ್ದಕ್ಕೂ ಕೋವಿಡ್‌ನಲ್ಲಿ ಹೋದವರ ನೆನಪಿಗೆ ಕೆಂಪು ಹೃದಯಗಳನ್ನ ಬಿಡಿಸಿದ್ದಾರೆ, 2021ರಲ್ಲಿ ಶುರುವಾಗಿದ್ದು, ಸುಮಾರು ಅರ್ಧ ಕಿಲೋಮೀಟರ್ ಗೋಡೆ, ಲಕ್ಷದ ಮೇಲೆ ಹೃದಯಗಳು. ಹೆಸರು ಬರೆದಿದ್ದಾರೆ, ಅಪ್ಪ, ಅಜ್ಜಿ, ತಂಗಿ ಅಂತ. ಬಣ್ಣ ಮಾಸಿದ ಹಾಗೆ ಸ್ವಯಂಸೇವಕರು ಬಂದು ಮತ್ತೆ ಬಳೀತಾರೆ. ಎದುರಿಗೆ ನದಿ ಆಚೆ ಪಾರ್ಲಿಮೆಂಟು. ನಮ್ಮಾಕೆ ಗೋಡೆ ಕಡೆ ನೋಡದೆ ನದಿ ಕಡೆ ಮುಖ ಮಾಡಿ ಬೇಗ ಬೇಗ ನಡೆದ್ಲು.

ಲ್ಯಾಂಬೆತ್ ಸೇತುವೆ ದಾಟಿ ಸ್ವಲ್ಪ ಮುಂದೆ ಬಸವಣ್ಣನವರು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಬಹಳ ಜನ ಬಸವ ಜಯಂತಿ ದಿನ ಹೂವಿನ ಹಾರದ ಜೊತೆ ನೋಡಿರ್ತೀರಿ. ಫೆಬ್ರವರಿಯ ಭಾನುವಾರ ಸಂಜೆ ಅಲ್ಲಿ ಯಾರೂ ಇರಲ್ಲ. ಗಾಳಿ ಮಾತ್ರ. ಬೆಂಚು ಒದ್ದೆ ಇತ್ತು, ನನ್ನ ಜಾಕೆಟ್ ಹಾಸಿ ಕೂರಿಸಿದೆ. ಒಂಬತ್ತು ದಿನದಿಂದ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿದ್ದ ಮಾತು ಎತ್ತಿದೆ. "ಅವತ್ತು ನಾನು ಅಂದಿದ್ದು ತಪ್ಪು ಕಣೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು. "ನೀವು ಅನ್ನೋದಕ್ಕೆ ಮುಂಚೆನೇ ಆಂಬುಲೆನ್ಸಲ್ಲಿ ನಾನೇ ಅಂದ್ಕೊಂಡಿದ್ದೆ ರೀ. ಆರು ಸಲ, ಏಳು ಸಲ. ಹಿಂದಿನ ದಿನ ಡಬಲ್ ಶಿಫ್ಟ್ ಮಾಡಿ ಬಂದಿದ್ದೆ. ಮಗು ಮುಟ್ಟಿ ನೋಡಿ, ಬಿಸಿ ಇದೆ ಅಂತ ಔಷಧಿ ಹಾಕಿ ಮಲಗಿಬಿಟ್ಟೆ. ಆ ಡಬಲ್ ಶಿಫ್ಟ್ ಯಾಕೆ ಮಾಡಿದ್ದು ಅಂತ ನಿಮಗೆ ಗೊತ್ತು." ಗೊತ್ತಿತ್ತು. ಊರಲ್ಲಿ ನನ್ನ ತಂಗಿ ಮದುವೆ ಸಾಲದ ಕಂತು. "ಆ ಮಾತು ನಿಮ್ಮ ಬಾಯಲ್ಲಿ ಬೇಡ ಆಗಿತ್ತು. ಅಷ್ಟೇ."

ಆಮೇಲೆ ಅವಳು ಅತ್ತಳು, ನಾನೂ ಅತ್ತೆ. ಓಡ್ಕೊಂಡು ಹೋಗ್ತಿದ್ದ ಒಬ್ಬ ಬಿಳಿಯ ಹುಡುಗ ನಿಂತು "ಆರ್ ಯು ಓಕೆ?" ಅಂದ. ಓಕೆ ಅಂದ್ವಿ. ಮುಕ್ಕಾಲು ಗಂಟೆ ಆಗಿತ್ತು, ಎದ್ದು ಓಡಿದ್ವಿ.

ಮನೆಗೆ ಬಂದ ಮೇಲೆ ಎಲ್ಲ ಸರಿ ಹೋಗುತ್ತೆ ಅಂದ್ಕೊಂಡಿದ್ವಿ. ಇದನ್ನ ಯಾರೂ ನಮಗೆ ಹೇಳಿರಲಿಲ್ಲ, ಅದಕ್ಕೇ ಬರೀತಿದ್ದೀನಿ. ಪುಟ್ಟ ರಾತ್ರಿ ಎರಡು ಮೂರು ಸಲ ಕಿರುಚಿ ಏಳ್ತಿದ್ದ. ಬಿಟ್ಟಿದ್ದ ನ್ಯಾಪಿ ಮತ್ತೆ ಬೇಕಾಯ್ತು. ಅಮ್ಮ ಬಾತ್‌ರೂಮಿಗೆ ಹೋದ್ರೂ ಬಾಗಿಲು ಬಡೀತಿದ್ದ. ಮೈ ಮೇಲೆ ಯಾರಾದ್ರೂ ಕೈ ಇಟ್ರೆ ಹೊಡೀತಿದ್ದ. ಅವನಿಗಿಂತ ಹೆಚ್ಚು ಹಾಳಾಗಿದ್ದು ನಾವು. ಬೇಡ ಅನ್ನೋ ಪದವೇ ನಮ್ಮ ಬಾಯಿಂದ ಹೋಗಿತ್ತು. ಊಟಕ್ಕೆ ಫೋನ್, ನಿದ್ದೆಗೆ ಫೋನ್, ಬೆಳಿಗ್ಗೆ ಬಿಸ್ಕತ್ತು, ರಾತ್ರಿ ಬಿಸ್ಕತ್ತು. ಅಕ್ಕನ ಬಣ್ಣದ ಪೆನ್ಸಿಲ್ ಮುರಿದ್ರೆ "ಹೋಗ್ಲಿ ಬಿಡು, ಹುಷಾರಿಲ್ಲದೋನು" ಅಂತ ಅವಳಿಗೇ ಬುದ್ಧಿ ಹೇಳಿದ್ವಿ. ಒಂದು ತಿಂಗಳಾದ್ಮೇಲೆ ಅವಳು ಕೇಳಿದ್ಲು, "ಅವನು ಯಾವಾಗ ಹುಷಾರಾಗೋದು?" ನಮ್ಮಾಕೆ ರಾತ್ರಿ ಎದ್ದು ಎದ್ದು ಅವನ ಉಸಿರು ಎಣಿಸ್ತಿದ್ಲು. ಅವಳು ಮಲಗಿದ ಮೇಲೆ ನಾನು ಎದ್ದು ಎಣಿಸ್ತಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ. ಒಂದು ರಾತ್ರಿ ಕತ್ತಲಲ್ಲಿ ಇಬ್ಬರ ಕೈಯೂ ಅವನ ಎದೆ ಮೇಲೆ ತಾಕಿದಾಗ ಗೊತ್ತಾಯ್ತು.

ಹೆಲ್ತ್ ವಿಸಿಟರ್ ಬಂದಾಗ ನಮ್ಮಾಕೆ ಎಲ್ಲ ಹೇಳ್ಕೊಂಡ್ಲು. ಆಕೆ, ಇದೆಲ್ಲ ಆಗೋದೇ, ಮಗೂಗೂ ಆಗುತ್ತೆ, ಅಪ್ಪ ಅಮ್ಮನಿಗೂ ಆಗುತ್ತೆ, ಹಳೇ ದಿನಚರಿ ನಿಧಾನಕ್ಕೆ ವಾಪಸ್ ತನ್ನಿ, ಮಗಳಿಗೆ ಅಂತ ದಿನಾ ಸ್ವಲ್ಪ ಹೊತ್ತು ಬೇರೆ ಇಡಿ, ತಿಂಗಳುಗಟ್ಟಲೆ ಹೀಗೇ ಇದ್ರೆ ಜಿಪಿ ಹತ್ತಿರ ನಿಮ್ಮ ಬಗ್ಗೆನೇ ಮಾತಾಡಿ ಅಂದ್ರು. ನಮ್ಮ ಬಗ್ಗೆ ಜಿಪಿ ಹತ್ತಿರ ಏನು ಮಾತಾಡೋದು ಅಂತ ನನಗೆ ಅನಿಸ್ತು. ನಮ್ಮಾಕೆ ಹೋದ್ಲು, ಅವಳಿಗೆ ಉಪಯೋಗ ಆಯ್ತು. ನಾನು ಹೋಗಲಿಲ್ಲ. ಮಗಳ ಜಡೆ ಹಾಕೋದು ಕಲಿತೆ.

ವಾರ್ಡಿನಲ್ಲಿ ಆಟ ಆಡಿಸೋಕೇ ಒಬ್ಬರು ಇರ್ತಾರೆ, ಅದೇ ಅವರ ಕೆಲಸ. ಅವರು ಪುಟ್ಟನಿಗೆ ಒಂದು ಬಟ್ಟೆ ಕರಡಿ ಕೊಟ್ಟು, ಅದರ ಕೈಗೆ ಸೂಜಿ ಇಲ್ಲದ ಪ್ಲಾಸ್ಟಿಕ್ ಕೊಳವೆ ಅಂಟಿಸಿ ಆಡೋದು ತೋರಿಸಿದ್ರು. ಆಗ ಅವನು ಅದನ್ನ ಮುಟ್ಟಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಮನೇಲಿ ಆ ಕರಡಿ ಹುಡುಕಿ ತಂದ. ನಾನು ಶಿಫ್ಟ್ ಮುಗಿಸಿ ಸೋಫಾ ಮೇಲೆ ಬಿದ್ದಿದ್ದೆ. ಅಕ್ಕನ ಸೆಲೋಟೇಪು ಎಳ್ಕೊಂಡು ಬಂದು ಕರಡಿ ಕೈಗೆ ಸುತ್ತಿದ, ಆಮೇಲೆ ನನ್ನ ಕೈಗೆ ಸುತ್ತೋಕೆ ಶುರು ಮಾಡಿದ. ಎರಡು ತಿಂಗಳಾದ್ಮೇಲೆ ತಾನಾಗಿ ನನ್ನ ಮುಟ್ಟಿದ್ದ. ನಾನು ಉಸಿರು ಬಿಗಿಹಿಡಿದು ಕೂತೆ. ನನ್ನ ತೋಳಿನ ಮೇಲೆ ತನ್ನ ಎರಡೂ ಮೊಣಕಾಲು ಊರಿ, ಇರೋ ಭಾರ ಎಲ್ಲ ಹಾಕಿ ಅಮುಕಿ ಹಿಡಿದು, "ಅಪ್ಪ ಅಲ್ಲಾಡ್ಬಾರ್ದು" ಅಂದ.

"ಬೇಡ ಪುಟ್ಟ" ಅಂದೆ.

"ಆಯ್ತು ಆಯ್ತು, ಮುಗೀತು," ಅಂತ ನರ್ಸಮ್ಮನ ಹಾಗೆ ಬೆನ್ನು ತಟ್ಟಿದ.

ಮೇ ತಿಂಗಳಲ್ಲಿ ಕೊನೇ ಎಕ್ಸ್‌ರೇಗೆ ಹೋದಾಗ ನಾಲ್ಕೂ ಜನ ಹೋದ್ವಿ. ಎದೆ ತಿಳಿಯಾಗಿದೆ ಅಂದ್ರು. ಮಗಳು ಜಾರುಬಂಡೆಯಲ್ಲಿ ಹನ್ನೊಂದು ಸಲ ಜಾರಿದ್ಲು, ನಾನೇ ಎಣಿಸಿದ್ದು. ಅಲ್ಲಿಂದ ಬಸವಣ್ಣನವರ ತನಕ ನಡೆದ್ವಿ, ಒಣಗಿದ ಬೆಂಚ್ ಮೇಲೆ ಕೂತು ಮನೆಯಿಂದ ತಂದ ಚಿತ್ರಾನ್ನ ತಿಂದ್ವಿ. ಹೋಗೋರಿಗೆ ಹೇಳ್ತೀನಿ, ಪಾರಿವಾಳಗಳ ಕಾಟ ಜಾಸ್ತಿ, ಡಬ್ಬಿ ಮುಚ್ಚಳ ತೆಗೆದಿಡಬೇಡಿ.